ಎಲ್ಲಿ ಕೆಳಗಿಟ್ಟಿರಿ? ಬೇರೆ ಬೇರೆ ಇಷ್ಟದ ಓದುಗರ ಜೊತೆ ನನ್ನ ಅನುಭವ

ನಮ್ಮದೊಂದು ಸಣ್ಣ ಓದುವ ಬಳಗ. ಕೆಲವರು ಮನೆಯವರು, ಕೆಲವರು ಗೆಳೆಯರು. ಆಗಾಗ ಸೇರಿ ಪುಸ್ತಕ ಅದಲುಬದಲು ಮಾಡಿಕೊಳ್ಳುತ್ತೇವೆ. ಓದುವುದು ಹೆಚ್ಚಾಗಿ ಜನಪ್ರಿಯ ಕಾದಂಬರಿಗಳನ್ನೇ. ಪತ್ತೇದಾರಿ, ಥ್ರಿಲ್ಲರ್, ಸಂಸಾರದ ಕಥೆ, ಗೂಢಚಾರರ ಕಥೆ, ಮೈ ಜುಮ್ಮೆನ್ನಿಸುವ ಭಯದ ಕಥೆ, ಎಲ್ಲ ಇವೆ. ಯಾರ ಕೈಗೆ ಯಾವ ಪುಸ್ತಕ ಕೊಡಬೇಕು ಅಂತ ನೋಡಿಕೊಳ್ಳುವ ಕೆಲಸ ನನ್ನದು. ನನಗೆ ಇದು ತುಂಬಾ ಇಷ್ಟದ ಕೆಲಸ.

ಇದರಲ್ಲಿ ಕಷ್ಟ ಒಂದೇ. ಒಬ್ಬರು ತಲೆ ಮೇಲೆ ಹೊತ್ತು ಮೆರೆಸುವ ಲೇಖಕರನ್ನು ಇನ್ನೊಬ್ಬರು ಇಪ್ಪತ್ತು ಪುಟ ಓದಿ ಮುಚ್ಚಿಡುತ್ತಾರೆ. ಕೇಳಿದರೆ 'ಬೋರು' ಅನ್ನುತ್ತಾರೆ. ಕೊಟ್ಟವರಿಗೆ ಬೇಜಾರು, ಮುಚ್ಚಿಟ್ಟವರಿಗೆ ಮುಜುಗರ. ಮಾತು ಅಲ್ಲಿಗೆ ನಿಂತುಬಿಡುತ್ತದೆ.

ಅಲ್ಲಿಗೆ ನಿಲ್ಲದಂತೆ ಮಾಡಲು ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. 'ಹೇಗಿತ್ತು' ಅಂತ ಕೇಳುವುದಿಲ್ಲ. 'ನಿಮ್ಮ ಮೆಚ್ಚಿನ ಲೇಖಕರು ಯಾರು' ಅಂತಲೂ ಕೇಳುವುದಿಲ್ಲ. 'ಎಲ್ಲಿ ಕೆಳಗಿಟ್ಟಿರಿ' ಅಂತ ಕೇಳುತ್ತೇನೆ. ಪುಟ ತೆಗೆದು ತೋರಿಸಿ ಅನ್ನುತ್ತೇನೆ. ಅಲ್ಲಿ ಏನು ನಡೆಯುತ್ತಿತ್ತು, ಅದಕ್ಕೆ ಹಿಂದಿನ ಪುಟದಲ್ಲಿ ಏನಿತ್ತು, ಅಲ್ಲಿಯವರೆಗೆ ಓದಿಸಿದ್ದು ಯಾವುದು? ಇಷ್ಟು ಗೊತ್ತಾದರೆ ಆ ಓದುಗರ ಬಗ್ಗೆ ಅರ್ಧ ಗೊತ್ತಾದ ಹಾಗೆ. ಇಷ್ಟದ ಲೇಖಕರ ಪಟ್ಟಿ ಕೊಡುವಾಗ ಜನ ಸ್ವಲ್ಪ ಯೋಚಿಸಿ ಕೊಡುತ್ತಾರೆ. ಯಾವ ಹೆಸರು ಹೇಳಿದರೆ ಚೆಂದ ಅನ್ನುವ ಲೆಕ್ಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ಪುಸ್ತಕ ಕೆಳಗಿಟ್ಟ ಜಾಗದಲ್ಲಿ ಆ ಲೆಕ್ಕ ಇರುವುದಿಲ್ಲ.

ಷರ್ಲಾಕ್ ಹೋಮ್ಸ್‌ನಿಂದಲೇ ಶುರು ಮಾಡುತ್ತೇನೆ. ಹೋಮ್ಸ್ ಹಿಡಿಸಲಿಲ್ಲ ಅಂದವರು ನಮ್ಮಲ್ಲಿ ಒಬ್ಬರಿಗಿಂತ ಜಾಸ್ತಿ ಇದ್ದರು. ಎಲ್ಲಿ ಕೆಳಗಿಟ್ಟಿರಿ ಅಂತ ಕೇಳಿದರೆ ಎಲ್ಲರೂ ತೋರಿಸಿದ್ದು ಹೆಚ್ಚುಕಮ್ಮಿ ಒಂದೇ ಜಾಗ. 1887ರಲ್ಲಿ ಬಂದ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನ ಎರಡನೇ ಭಾಗದ ಆರಂಭ. ಅಲ್ಲಿಯವರೆಗೆ ಹೋಮ್ಸ್, ವಾಟ್ಸನ್, ಲಂಡನ್ನಿನ ಒಂದು ಖಾಲಿ ಮನೆಯಲ್ಲಿ ಬಿದ್ದಿರುವ ಹೆಣ. ಪುಟ ತಿರುಗಿಸಿದರೆ ಕಥೆ ಏಕಾಏಕಿ ಅಮೆರಿಕದ ಮರುಭೂಮಿಗೆ, ಯೂಟಾಗೆ ಹಾರುತ್ತದೆ. ಎಷ್ಟೋ ಹೊತ್ತು ಹೋಮ್ಸ್ ಸುಳಿವೇ ಇಲ್ಲ. ಹೋಮ್ಸ್‌ಗಾಗಿಯೇ ಬಂದವರು ಅಲ್ಲಿ ಎದ್ದು ಹೋಗುತ್ತಾರೆ. ಇದರಲ್ಲಿ ಅವರಿಗೆ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಇಷ್ಟವಿಲ್ಲ ಅನ್ನುವುದು ಎಲ್ಲಿಂದ ಬಂತು? ಅವರಿಗೆ ಹೋಮ್ಸ್ ಜಾಸ್ತಿ ಬೇಕಾಗಿತ್ತು, ಅಷ್ಟೇ. ಡಾಯ್ಲ್ ಹೋಮ್ಸ್ ಬಗ್ಗೆ ಬರೆದದ್ದು ನಾಲ್ಕು ಕಾದಂಬರಿ, 56 ಸಣ್ಣ ಕಥೆ. ಹೆಚ್ಚಿನ ಕಥೆಗಳಲ್ಲಿ ಹೋಮ್ಸ್ ಹೆಚ್ಚುಕಮ್ಮಿ ಮೊದಲಿನಿಂದ ಕೊನೆಯವರೆಗೆ ಕಣ್ಣೆದುರೇ ಇರುತ್ತಾನೆ. ಅದಕ್ಕೇ ನಾನು 1892ರ ಮೊದಲ ಕಥಾಸಂಕಲನದಿಂದ ಶುರು ಮಾಡಿಸುತ್ತೇನೆ. ಅದರಿಂದ ಶುರು ಮಾಡಿದವರಲ್ಲಿ ಅರ್ಧಕ್ಕೆ ಬಿಟ್ಟವರು ಕಡಿಮೆ.

ಲೇಖಕರ ಮೊದಲ ಪುಸ್ತಕದಿಂದಲೇ ಓದಬೇಕು ಅನ್ನುವ ಹಟ ಇದೆಯಲ್ಲ, ಅದು ಎಷ್ಟೋ ಲೇಖಕರನ್ನು ನಮ್ಮಿಂದ ದೂರ ಮಾಡಿದೆ. ಅಗಾಥಾ ಕ್ರಿಸ್ಟಿ ಬರೆದ ಪತ್ತೇದಾರಿ ಕಾದಂಬರಿಗಳೇ 66. ಅನಕೃ, ಸಾಯಿಸುತೆ ಇವರೆಲ್ಲ ನೂರರ ಗಡಿ ದಾಟಿದವರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಐನೂರಕ್ಕೂ ಹೆಚ್ಚು. ಇಷ್ಟು ಬರೆದವರನ್ನು ಒಂದೇ ಪುಸ್ತಕ ಓದಿ 'ಇವರು ನನಗಲ್ಲ' ಅಂತ ಪಕ್ಕಕ್ಕಿಡುವುದು ಅವಸರವಾಯಿತು, ಅಲ್ವಾ?

ಇನ್ನೊಂದು ಸಂಗತಿ. ಪುಸ್ತಕಗಳನ್ನು ಸಾಮಾನ್ಯವಾಗಿ ವಿಭಾಗ ಮಾಡಿ ಇಡುತ್ತಾರೆ. ಪತ್ತೇದಾರಿ ಒಂದು ಕಡೆ, ಪ್ರೇಮಕಥೆ ಒಂದು ಕಡೆ. ಓದುಗರ ಇಷ್ಟ ಈ ವಿಭಾಗಗಳಿಗೆ ಸರಿಯಾಗಿ ಹೊಂದುವುದಿಲ್ಲ. ನಮ್ಮ ಬಳಗದಲ್ಲಿ 'ನಾನು ಪತ್ತೇದಾರಿ ಓದುಗ' ಅಂತ ಹೇಳಿಕೊಳ್ಳುವ ಇಬ್ಬರಿದ್ದಾರೆ. ಒಬ್ಬರು ಗಣಿತದ ಮೇಡಂ. ಇನ್ನೊಬ್ಬ ನನ್ನ ಹಳೆಯ ಗೆಳೆಯ. ಮೇಡಂಗೆ ಅಗಾಥಾ ಕ್ರಿಸ್ಟಿ ಅಂದರೆ ಜೀವ. ಗೆಳೆಯನಿಗೆ ರೇಮಂಡ್ ಚಾಂಡ್ಲರ್. ಹೊರಗಿನವರಿಗೆ ಇಬ್ಬರದೂ ಒಂದೇ ಇಷ್ಟ. ಹತ್ತಿರದಿಂದ ನೋಡಿದರೆ ಇಡೀ ಬಳಗದಲ್ಲಿ ಇವರಷ್ಟು ದೂರ ಇರುವ ಜೋಡಿ ಇನ್ನೊಂದಿಲ್ಲ.

ಮೇಡಂಗೆ ಬೇಕಾದದ್ದು ಒಗಟು. ಸುಳಿವುಗಳೆಲ್ಲ ತನ್ನ ಕಣ್ಣೆದುರೇ ಇರಬೇಕು, ಆದರೂ ತನಗೆ ಕಾಣಬಾರದು. ಕೊನೆಯಲ್ಲಿ ಎಲ್ಲ ಲೆಕ್ಕ ಚುಕ್ತಾ ಆಗಬೇಕು. ಗೆಳೆಯನಿಗೆ ಕೊಲೆಗಾರ ಯಾರಾದರೇನು. ಅವನಿಗೆ ಬೇಕಾದದ್ದು ದನಿ. ಕಥೆ ಹೇಳುವ ಫಿಲಿಪ್ ಮಾರ್ಲೋ ಊರನ್ನು ನೋಡುವ ರೀತಿ, ಎದುರಿಗಿರುವವನ ಅಂಗಿಯಿಂದ ಅವನ ಗುಣ ಅಳೆಯುವ ರೀತಿ. ಚಾಂಡ್ಲರ್ ಕೂಡ ಹಾಗೇ ಯೋಚಿಸಿದವರು. 1944ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರು ಇಂಗ್ಲಿಷ್ ಒಗಟು ಕಾದಂಬರಿಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ.

ಒಮ್ಮೆ ನಾನು ಇಬ್ಬರಿಗೂ ಒಂದು ಪ್ರಸಂಗ ಹೇಳಿದೆ. ಚಾಂಡ್ಲರ್ ಅವರ 'ದಿ ಬಿಗ್ ಸ್ಲೀಪ್' 1939ರಲ್ಲಿ ಬಂತು. ಅದರಲ್ಲಿ ಒಬ್ಬ ಕಾರ್ ಡ್ರೈವರ್ ಸಾಯುತ್ತಾನೆ. ಮುಂದೆ ಅದನ್ನು ಸಿನಿಮಾ ಮಾಡುವಾಗ ಆ ಡ್ರೈವರ್‌ನನ್ನು ಕೊಂದವರು ಯಾರು ಅಂತ ಸಿನಿಮಾದವರಿಗೆ ಗೊಂದಲವಾಯಿತು. ಲೇಖಕರನ್ನೇ ಕೇಳಿದರು. ತನಗೂ ಗೊತ್ತಿಲ್ಲ ಅಂದರಂತೆ ಚಾಂಡ್ಲರ್. ಇದನ್ನು ಕೇಳಿ ಗೆಳೆಯನಿಗೆ ಖುಷಿಯೋ ಖುಷಿ. 'ನೋಡಿದ್ರಾ, ಅದು ಮುಖ್ಯವೇ ಅಲ್ಲ' ಅಂದ. ಮೇಡಂ ಮುಖ ಗಂಭೀರವಾಯಿತು. 'ಒಂದು ಹೆಣಕ್ಕೆ ಲೆಕ್ಕ ಕೊಡದೆ ಪುಸ್ತಕ ಮುಗಿಸೋದಾ?' ಅಂದರು. ಒಂದೇ ಸಂಗತಿ ಒಬ್ಬರಿಗೆ ಲೇಖಕರ ಮೇಲಿನ ಪ್ರೀತಿ ಹೆಚ್ಚಿಸಿತು, ಇನ್ನೊಬ್ಬರಿಗೆ ನಂಬಿಕೆಯನ್ನೇ ಕಳೆಯಿತು. ಪುಸ್ತಕದ ಗುಣ ಬದಲಾಗಲಿಲ್ಲ. ಇಬ್ಬರೂ ಅದರಿಂದ ಕೇಳುತ್ತಿದ್ದದ್ದೇ ಬೇರೆ ಬೇರೆ.

ಆ ದಿನದಿಂದ ನಾನು ಪತ್ತೇದಾರಿ, ಥ್ರಿಲ್ಲರ್ ಅನ್ನುವ ಪದಗಳನ್ನು ಪಕ್ಕಕ್ಕಿಟ್ಟೆ. ಓದುಗರ ಹೆಸರಿನ ಮುಂದೆ ಬೇರೆ ರೀತಿ ಬರೆದುಕೊಳ್ಳುತ್ತೇನೆ. 'ಲೆಕ್ಕ ಸರಿಹೋಗಬೇಕು', 'ದನಿ ಬೇಕು', 'ಜನ ಜಾಸ್ತಿ ಬೇಡ', 'ಹೇಗೆ ಮಾಡಿದರು ಅಂತ ತಿಳಿಯಬೇಕು', ಹೀಗೆ.

'ಜನ ಜಾಸ್ತಿ ಬೇಡ' ನನ್ನ ಅತ್ತಿಗೆಯ ಹೆಸರಿನ ಮುಂದಿರುವ ಟಿಪ್ಪಣಿ. ಅವರು ಸ್ಟೀಫನ್ ಕಿಂಗ್ ಬೇಡವೇ ಬೇಡ ಅಂದಿದ್ದರು. ಭಯದ ಕಥೆ ಆಗುವುದಿಲ್ಲವೇನೋ ಅಂತ ಎಲ್ಲರೂ ಅಂದುಕೊಂಡೆವು. ಅವರು ಓದಲು ಹೊರಟಿದ್ದು 1986ರ 'ಇಟ್'. ಸಾವಿರಕ್ಕೂ ಹೆಚ್ಚು ಪುಟ. ಕೆಳಗಿಟ್ಟ ಜಾಗ ತೆಗೆಸಿ ನೋಡಿದೆ. ಅಲ್ಲಿ ಭಯ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಊರಿನ ಹಳೆಯ ಚರಿತ್ರೆ ಹೇಳುವ ಭಾಗ ಅದು. ಏಳು ಗೆಳೆಯರ ಬಾಲ್ಯ ಒಂದು ಕಡೆ, ದೊಡ್ಡವರಾದ ಮೇಲಿನ ಕಥೆ ಇನ್ನೊಂದು ಕಡೆ, ನಡುವೆ ಆ ಊರಿನ ಹಿಂದಿನ ತಲೆಮಾರುಗಳ ಸಂಗತಿ. ನನಗೆ ಆ ಭಾಗಗಳೇ ಪುಸ್ತಕದ ಜೀವಾಳ ಅನ್ನಿಸುತ್ತವೆ. ಒಂದು ಊರಿಗೆ ಊರೇ ಕಣ್ಣು ಮುಚ್ಚಿಕೊಂಡು ಬದುಕುವುದು ಹೇಗೆ ಅಂತ ಅಲ್ಲಿ ತಿಳಿಯುತ್ತದೆ. ಅತ್ತಿಗೆಗೆ ಅಲ್ಲಿ ದಾರಿ ತಪ್ಪಿತು. 'ಯಾರ ಹೆಸರು ಯಾರದ್ದು ಅಂತ ಗೊತ್ತಾಗದೆ ಸುಮ್ನೆ ಓದ್ತಾ ಇದ್ದೆ' ಅಂದರು.

ಹಾಗಾದರೆ ಅವರಿಗೆ ಅಡ್ಡಿಯಾದದ್ದು ಭಯ ಅಲ್ಲ, ಗುಂಪು. ಅವರಿಗೆ ಕಿಂಗ್ ಅವರದ್ದೇ 'ಮಿಸರಿ' ಕೊಟ್ಟೆ. 1987ರದು. ಒಂದು ಮನೆ, ಮುಖ್ಯವಾಗಿ ಇಬ್ಬರೇ. ಅಪಘಾತವಾಗಿ ಕಾಲು ಮುರಿದುಕೊಂಡ ಒಬ್ಬ ಜನಪ್ರಿಯ ಕಾದಂಬರಿಕಾರ, ಅವನನ್ನು ಮನೆಯಲ್ಲಿ ಕೂಡಿಹಾಕಿಕೊಂಡ ಅವನ ಅಭಿಮಾನಿ. ತನ್ನ ಮೆಚ್ಚಿನ ನಾಯಕಿಯನ್ನು ಅವನು ಸಾಯಿಸಿಬಿಟ್ಟನಲ್ಲ ಅಂತ ಅವಳಿಗೆ ಸಿಟ್ಟು. ಅವಳನ್ನು ಬದುಕಿಸಿ ಬರಿ ಅಂತ ಹಿಂಸೆ. ನನ್ನ ಪ್ರಕಾರ ಓದುಗರ ಪ್ರೀತಿ ಎಲ್ಲಿಯವರೆಗೆ ಹೋಗಬಹುದು ಅಂತ ಇಷ್ಟು ನೇರವಾಗಿ ಬರೆದ ಜನಪ್ರಿಯ ಕಾದಂಬರಿ ಅಪರೂಪ. ಅತ್ತಿಗೆ ಅದನ್ನು ಕೈಬಿಡದೆ ಓದಿದರು. ಇದರಲ್ಲಿ ನೇರವಾದ ಹಿಂಸೆ 'ಇಟ್'ಗಿಂತ ಕಡಿಮೆಯೇನಿಲ್ಲ. ಆದರೂ ಓದಿದರು. ಮುಂದೆ ಕ್ರಿಸ್ಟಿಯವರ 'ಅಂಡ್ ದೆನ್ ದೇರ್ ವರ್ ನನ್' ಕೊಡುವಾಗ ಹತ್ತು ಪಾತ್ರಗಳ ಹೆಸರು, ಕೆಲಸ, ಒಂದೊಂದು ಗುರುತು ಬರೆದ ಚೀಟಿಯನ್ನೂ ಒಳಗಿಟ್ಟು ಕೊಟ್ಟೆ. ಶುರುವಿನಲ್ಲೇ ಹತ್ತು ಜನ ಒಟ್ಟಿಗೆ ಬರುತ್ತಾರಲ್ಲ, ಅಲ್ಲಿ ಎಡವುವವರು ಬಹಳ. ಚೀಟಿ ಇದ್ದದ್ದರಿಂದ ಅವರಿಗೆ ಅದೂ ದಕ್ಕಿತು.

ತ್ರಿವೇಣಿಯವರ ವಿಷಯ ಹೇಳದೆ ಮುಂದೆ ಹೋಗಲಾರೆ. ಬದುಕಿದ್ದು 1928ರಿಂದ 1963ರವರೆಗೆ, ಅಷ್ಟೇ. ಅಷ್ಟರಲ್ಲೇ ಮನಸ್ಸಿನ ಒಳಗನ್ನು ಕನ್ನಡ ಕಾದಂಬರಿಗೆ ತಂದುಕೊಟ್ಟು ಹೋದರು. ಇವತ್ತಿಗೂ ಕೆಲವರು ಅವರನ್ನು 'ಹೆಂಗಸರ ಕಾದಂಬರಿ' ಅಂತ ಒಂದು ಮಾತಿನಲ್ಲಿ ಬದಿಗಿಡುತ್ತಾರೆ. ನನಗೆ ಅದು ಸಹಿಸುವುದಿಲ್ಲ. ನಮ್ಮ ಬಳಗದಲ್ಲಿ ಬರೀ ಭಯದ ಕಥೆ, ಸೈಕಲಾಜಿಕಲ್ ಥ್ರಿಲ್ಲರ್ ಓದುವ ಒಬ್ಬ ಹುಡುಗ ಇದ್ದಾನೆ. ಕಣ್ಣೀರಿನ ಸಂಸಾರ ಕಥೆ ನನಗೆ ಬೇಡ ಅಂತ ಮೊದಲೇ ಹೇಳಿದ್ದ. ಅವನಿಗೆ 'ಶರಪಂಜರ' ಕೊಟ್ಟೆ. ಕೊಡುವಾಗ ಸಂಸಾರದ ಮಾತೇ ಎತ್ತಲಿಲ್ಲ. 'ಒಬ್ಬಳಿಗೆ ಮನಸ್ಸಿನ ಕಾಯಿಲೆ ಬಂದು ವಾಸಿಯಾಗಿದೆ. ಆದರೆ ವಾಸಿಯಾಗಿದೆ ಅಂತ ಅವಳನ್ನು ಬಿಟ್ಟು ಬೇರೆ ಯಾರೂ ನಂಬುತ್ತಿಲ್ಲ. ಓದು' ಅಂದೆ.

ಓದಿ ಬಂದವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಪುಟಗಳಲ್ಲಿ ಅವನಿಗೆ ಉಸಿರು ಕಟ್ಟಿದಂತಾಯಿತಂತೆ. ನಕ್ಕರೂ ಅನುಮಾನ, ಸಿಟ್ಟು ಬಂದರೂ ಅನುಮಾನ. ಅವಳು ಮಾಡುವ ಮಾಮೂಲಿ ಕೆಲಸವೂ ಉಳಿದವರಿಗೆ ಕಾಯಿಲೆಯ ಗುರುತು. 'ಇದು ಭಯದ ಕಥೆಯೇ' ಅಂದ. ಹೌದು, ಹಾಗೆಯೂ ಓದಬಹುದು. ಒಬ್ಬ ಲೇಖಕಿಯನ್ನು ಇಷ್ಟು ವರ್ಷ ಓದದೇ ಇರಲು ಅವನಿಗಿದ್ದ ಕಾರಣ ಪುಸ್ತಕದ ಒಳಗಿನದ್ದಾಗಿರಲಿಲ್ಲ. ಬೇರೆಯವರು ಅಂಟಿಸಿದ ಹಣೆಪಟ್ಟಿ ಅದು.

ಇದರ ತಿರುವುಮುರುವೂ ಆಗಿದೆ. ತ್ರಿವೇಣಿ, ಎಂ.ಕೆ. ಇಂದಿರಾ ಇವರನ್ನೇ ಮತ್ತೆ ಮತ್ತೆ ಓದುವ ಒಬ್ಬ ಅಮ್ಮ ನಮ್ಮಲ್ಲಿದ್ದಾರೆ. ಕೊಲೆ ಇರುವ ಪುಸ್ತಕ ಮುಟ್ಟುವುದಿಲ್ಲ. ಕ್ರಿಸ್ಟಿ ಅಂದರೆ ದೂರ. ಆದರೆ ಕ್ರಿಸ್ಟಿ ಮೇರಿ ವೆಸ್ಟ್‌ಮಕಾಟ್ ಅನ್ನುವ ಹೆಸರಿನಲ್ಲಿ ಆರು ಕಾದಂಬರಿ ಬರೆದಿದ್ದಾರೆ. ಅವುಗಳಲ್ಲಿ ಪತ್ತೇದಾರಿ ಇಲ್ಲ. 1944ರ 'ಆಬ್ಸೆಂಟ್ ಇನ್ ದ ಸ್ಪ್ರಿಂಗ್' ಅಂಥದ್ದೊಂದು. ರೈಲು ತಪ್ಪಿ, ಮರುಭೂಮಿಯ ಒಂದು ತಂಗುದಾಣದಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಹೆಂಗಸು. ಓದಲು ಪುಸ್ತಕ ಇಲ್ಲ, ಮಾತಾಡಲು ಜನ ಇಲ್ಲ. ತನ್ನ ಗಂಡ, ಮಕ್ಕಳು, ತಾನು ಇಷ್ಟು ದಿನ ಒಳ್ಳೆಯದು ಅಂತ ನಂಬಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂದು ಬೇರೆಯೇ ಬಣ್ಣದಲ್ಲಿ ಕಾಣತೊಡಗುತ್ತದೆ. ನಾನು ಅದರ ಕೆಲವು ಪುಟಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಮಧ್ಯದಲ್ಲಿ ತಡೆದು 'ಇದು ಕ್ರಿಸ್ಟಿಯಾ?' ಅಂತ ಕೇಳಿದರು. ಆಮೇಲೆ ಮಗಳ ಸಹಾಯದಿಂದ ಪೂರ್ತಿ ಓದಿಸಿಕೊಂಡರು.

ಈಗ ಕೊನೆಯ ಪುಟ ಮೊದಲು ಓದುವವರ ವಿಷಯ. ಇವರನ್ನು ಕಂಡರೆ ಉಳಿದ ಓದುಗರಿಗೆ ಸಿಟ್ಟು. ಲೇಖಕರಿಗೆ ಮಾಡುವ ಅವಮಾನ ಅಂತೆಲ್ಲ ಬೈಯುತ್ತಾರೆ. ನನ್ನ ತಂಗಿ ಅಂಥವಳು. ಅವಳ ಪರವಾಗಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಏನಾಗುತ್ತದೆ ಅನ್ನುವ ಆತಂಕ ಇದ್ದರೆ ಅವಳಿಗೆ ಸಾಲುಗಳು ಕಣ್ಣಿಗೆ ಬೀಳುವುದೇ ಇಲ್ಲ. ಬೇಗ ಬೇಗ ಪುಟ ಹಾರಿಸುತ್ತಾಳೆ. ಕೊನೆ ಗೊತ್ತಾದ ಮೇಲೆ ನಿಧಾನವಾಗಿ, ಒಂದೂ ಸಾಲು ಬಿಡದೆ ಓದುತ್ತಾಳೆ. ನಮ್ಮ ಬಳಗದಲ್ಲಿ ಅವಳಷ್ಟು ಗಮನವಿಟ್ಟು ಓದುವವರು ಕಡಿಮೆ.

ಇಂಥ ಓದುಗರಿಗೆಂದೇ ಬರೆದಂಥ ಪುಸ್ತಕಗಳಿವೆ. 1912ರಲ್ಲೇ ಆರ್. ಆಸ್ಟಿನ್ ಫ್ರೀಮನ್ 'ದಿ ಸಿಂಗಿಂಗ್ ಬೋನ್' ಸಂಕಲನದಲ್ಲಿ ಕೊಲೆ ನಡೆಯುವುದನ್ನು ಮೊದಲು ತೋರಿಸಿ, ಪತ್ತೆ ಹೇಗಾಯಿತು ಅಂತ ಆಮೇಲೆ ಹೇಳಿದರು. ಜಪಾನಿನ ಕೀಗೊ ಹಿಗಾಶಿನೊ 2005ರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'ನಲ್ಲಿ ಕೊಂದವರು ಯಾರು ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಹೇಗೆ ಮುಚ್ಚುತ್ತಾರೆ ಅನ್ನುವುದೇ ಕಥೆ. ಹಾಗಿದ್ದೂ ಕೊನೆಗೆ ಬೆರಗು ಕಾದಿರುತ್ತದೆ. ನನ್ನ ತಂಗಿಗೆ ಎಲ್ಲಕ್ಕಿಂತ ಹಿಡಿಸಿದ್ದು ಫ್ರೆಡೆರಿಕ್ ಫೋರ್ಸೈತ್ ಅವರ 1971ರ 'ದಿ ಡೇ ಆಫ್ ದಿ ಜಾಕಲ್'. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು 'ಜಾಕಲ್' ಅನ್ನುವ ಗುಪ್ತನಾಮದ ಒಬ್ಬನನ್ನು ನೇಮಿಸುತ್ತಾರೆ. ಡಿ ಗಾಲ್ 1970ರಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡದ್ದು ಜಗತ್ತಿಗೇ ಗೊತ್ತಿತ್ತು. ಅಂದರೆ ಆ ಕೊಲೆಗಾರ ಗೆಲ್ಲುವುದಿಲ್ಲ ಅಂತ ಪುಸ್ತಕ ಕೈಗೆತ್ತಿಕೊಂಡ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಕೈ ಬಿಡುವುದಿಲ್ಲ. 'ಎಲ್ಲರೂ ಕೊನೆಯ ಪುಟ ಮೊದಲೇ ಓದಿ ಕೂತಿರುವ ಪುಸ್ತಕ' ಅಂತ ಅವಳು ಅದನ್ನು ಕರೆಯುತ್ತಾಳೆ.

ಅದೇ ಪುಸ್ತಕದಿಂದ ಇನ್ನೊಬ್ಬರ ಇಷ್ಟವೂ ಗೊತ್ತಾಯಿತು. ಒಬ್ಬ ಇಂಜಿನಿಯರ್ ಗೆಳೆಯರು 'ಜಾಕಲ್' ಮೂರ್ನಾಲ್ಕು ಸಲ ಓದಿದ್ದಾರೆ. ಹಾಗಾದರೆ ಗೂಢಚಾರರ ಕಥೆ ಇಷ್ಟ ಇರಬೇಕು ಅಂತ ಜಾನ್ ಲ ಕಾರೆ ಕೊಟ್ಟರೆ ಓದಲಾರರು. ಲ ಕಾರೆ ಸ್ವತಃ ಬ್ರಿಟನ್ನಿನ ಗುಪ್ತಚರ ಇಲಾಖೆಯಲ್ಲಿ ಕೆಲಸ ಮಾಡಿದವರು. ಆದರೆ ಅವರ ಕಾದಂಬರಿಗಳಲ್ಲಿ ಜನ ಕೂತು ಮಾತಾಡುವುದೇ ಜಾಸ್ತಿ. ಆಡಿದ ಮಾತಿಗಿಂತ ಆಡದೆ ಬಿಟ್ಟ ಮಾತೇ ಮುಖ್ಯ. ನನಗೆ ಅದು ಪ್ರಾಣ. ಇಂಜಿನಿಯರ್ ಗೆಳೆಯರು ಕೆಳಗಿಟ್ಟ ಪುಟ ತೆಗೆದು 'ಇಲ್ಲಿ ಯಾರೂ ಏನೂ ಮಾಡ್ತಾ ಇಲ್ಲ' ಅಂದರು. ಸರಿ, 'ಜಾಕಲ್'ನಲ್ಲಿ ನಿಮಗೆ ಅತಿ ಇಷ್ಟವಾದ ಪುಟ ತೋರಿಸಿ ಅಂದೆ. ಗುಂಡು ಹಾರುವ ಪುಟ ತೋರಿಸಲಿಲ್ಲ. ಜಾಕಲ್ ಸ್ಮಶಾನದಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮಗುವೊಂದರ ಹೆಸರು ಹುಡುಕಿ, ಅದರ ಜನನ ಪತ್ರ ತರಿಸಿಕೊಂಡು, ಆ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸುವ ಭಾಗ ತೋರಿಸಿದರು.

ಇವರಿಗೆ ಬೇಕಾದದ್ದು ಗೂಢಚಾರರಲ್ಲ. ಕೆಲಸ ಒಂದೊಂದೇ ಹೆಜ್ಜೆಯಾಗಿ ಹೇಗೆ ನಡೆಯುತ್ತದೆ ಅನ್ನುವುದು. ಅವರಿಗೆ ಆಂಡಿ ವಿಯರ್ ಅವರ 'ದಿ ಮಾರ್ಷಿಯನ್' ಕೊಟ್ಟೆ. ವೈಜ್ಞಾನಿಕ ಕಾದಂಬರಿ ತಮಗೆ ಆಗದು ಅಂತ ಹೇಳುತ್ತಲೇ ತೆಗೆದುಕೊಂಡರು. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಹೋದ ಗಗನಯಾತ್ರಿ ಆಲೂಗಡ್ಡೆ ಬೆಳೆಯಲು ಮಣ್ಣೆಷ್ಟು ಬೇಕು, ನೀರೆಷ್ಟು ಬೇಕು, ನೀರು ಮಾಡಿಕೊಳ್ಳುವುದು ಹೇಗೆ ಅಂತ ಪುಟಗಟ್ಟಲೆ ಲೆಕ್ಕ ಹಾಕುತ್ತಾನೆ. ಬೇರೆ ಕೆಲವರು ಅಲ್ಲೇ ಪುಸ್ತಕ ಮುಚ್ಚಿದ್ದರು. ಇವರು ಪೆನ್ಸಿಲ್ ಹಿಡಿದು ಲೆಕ್ಕ ಸರಿ ನೋಡಿದರು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಇಷ್ಟಗಳು ಬೇರೆ ಬೇರೆ ಅಂದ ಮಾತ್ರಕ್ಕೆ ಬರವಣಿಗೆಯ ಗುಣದ ಬಗ್ಗೆ ಮಾತೇ ಆಡಬಾರದು ಅಂತಲ್ಲ. ಅವಸರದಲ್ಲಿ ಬರೆದ ಪುಸ್ತಕ ಅವಸರದಲ್ಲಿ ಬರೆದದ್ದೇ. ಪಾತ್ರದ ಹೆಸರು ನಡುವೆ ಬದಲಾಗಿದ್ದರೆ, ಮೊದಲ ಅಧ್ಯಾಯದಲ್ಲಿ ಇಟ್ಟ ಗಂಟು ಕೊನೆಗೆ ಬಿಚ್ಚದೇ ಹೋದರೆ, ನಾವು ಅದನ್ನು ಬಿಡಿಸಿ ಹೇಳುತ್ತೇವೆ. ಆದರೆ ಗುಣ ಅನ್ನುವುದು ಒಂದೇ ಥರದ್ದಲ್ಲ. ಡ್ಯಾನ್ ಬ್ರೌನ್ ಅವರ ವಾಕ್ಯಗಳನ್ನು ಹಾಸ್ಯ ಮಾಡುವವರು ಬಹಳ. ನಾನೂ ಅವರ ವಾಕ್ಯಗಳಿಗೋಸ್ಕರ ಓದುವುದಿಲ್ಲ. ಆದರೆ 2003ರ 'ದಿ ಡಾ ವಿಂಚಿ ಕೋಡ್'ನಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಪುಟ್ಟ ಅಧ್ಯಾಯಗಳಿವೆ. ಮತ್ತೆ ಮತ್ತೆ, ಅಧ್ಯಾಯವೊಂದು ಮುಗಿಯುವ ಜಾಗದಲ್ಲಿ ಪುಟ ತಿರುಗಿಸದೆ ಇರಲಾಗದಂತೆ ನಿಲ್ಲಿಸಿರುತ್ತಾರೆ. ಅದು ಕಸುಬು. ಕೂತು ಬಿಡಿಸಿ ನೋಡಿದರೆ ಎಷ್ಟು ಲೆಕ್ಕಾಚಾರ ಇದೆ ಅಂತ ಗೊತ್ತಾಗುತ್ತದೆ.

ದೊಡ್ಡ ದೊಡ್ಡವರೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರಲ್ಲಿ ಪತ್ತೇದಾರಿ ಕಾದಂಬರಿಗಳ ಮೇಲೆ ಹರಿಹಾಯ್ದು ಬರೆದರು. ಕ್ರಿಸ್ಟಿಯವರ ರೋಜರ್ ಅಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಅನ್ನುವುದೇ ಆ ಲೇಖನದ ತಲೆಬರಹ. ಮೂರು ವರ್ಷದ ನಂತರ, 1948ರಲ್ಲಿ, ಕವಿ ಡಬ್ಲ್ಯು. ಎಚ್. ಆಡೆನ್ ಪತ್ತೇದಾರಿ ಕಥೆ ತನಗೆ ತಂಬಾಕು, ಮದ್ಯದಂಥ ಚಟ ಅಂತ ಬಿಚ್ಚುಮನಸ್ಸಿನಿಂದ ಬರೆದು, ಆ ಚಟ ಯಾಕೆ ಹತ್ತುತ್ತದೆ ಅಂತ ವಿವರಿಸಿದರು. 'ದಿ ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ವಿಷಯದಲ್ಲೂ ಇವರಿಬ್ಬರದು ಹಾಗೇ. ಆಡೆನ್ ಮೆಚ್ಚಿ ಬರೆದರು, ವಿಲ್ಸನ್ 1956ರಲ್ಲಿ ಕಟುವಾಗಿ ತಳ್ಳಿಹಾಕಿದರು. ಇಬ್ಬರೂ ಬಹಳ ಓದಿಕೊಂಡವರು, ಇಬ್ಬರೂ ತಮ್ಮ ಮಾತಿಗೆ ಕಾರಣ ಕೊಟ್ಟವರು. ನಮ್ಮ ಬಳಗದಲ್ಲಿ ವಾದ ಬಿಸಿಯಾದಾಗಲೆಲ್ಲ ನಾನು ಈ ಇಬ್ಬರನ್ನು ನೆನಪಿಸುತ್ತೇನೆ.

ವಾದ ಜಾಸ್ತಿಯಾದರೆ ಇನ್ನೊಂದು ಕೆಲಸ ಮಾಡುತ್ತೇವೆ. ಪುಸ್ತಕವನ್ನು ಹೊಗಳುವವರು ಅದರಿಂದ ಒಂದು ಪುಟ ಗಟ್ಟಿಯಾಗಿ ಓದಬೇಕು. ಅಷ್ಟೇ. ಗಟ್ಟಿಯಾಗಿ ಓದಿದಾಗ ಲೇಖಕರ ಓಟ ಕಿವಿಗೆ ಬೀಳುತ್ತದೆ. ವಾಕ್ಯ ಚಿಕ್ಕದೋ ದೊಡ್ಡದೋ, ಮಾತುಕತೆ ಜಾಸ್ತಿಯೋ ವರ್ಣನೆ ಜಾಸ್ತಿಯೋ, ಎಲ್ಲ ಒಂದೇ ಪುಟದಲ್ಲಿ ತಿಳಿಯುತ್ತದೆ. ತೇಜಸ್ವಿಯವರ 'ಕರ್ವಾಲೋ' ಹೀಗೆ ಓದಿದಾಗ, ಹಾರುವ ಓತಿಯ ಹಿಂದೆ ಹೋಗುವ ಕಥೆ ನಮಗ್ಯಾಕೆ ಅಂದಿದ್ದ ಇಬ್ಬರು ಮಂದಣ್ಣನ ಮಾತಿಗೇ ಸೋತು ಪುಸ್ತಕ ತೆಗೆದುಕೊಂಡು ಹೋದರು.

ಎಲ್ಲರಿಗೂ ಎಲ್ಲವನ್ನೂ ಹಿಡಿಸಲು ಆಗುವುದಿಲ್ಲ. ಇಂಗ್ಲಿಷ್ ಹಾಸ್ಯ ಲೇಖಕ ವುಡ್‌ಹೌಸ್ ನಗುವೇ ತರಿಸುವುದಿಲ್ಲ ಅನ್ನುವ ಒಬ್ಬರಿದ್ದಾರೆ. ಬೇರೆ ಬೇರೆ ಪುಸ್ತಕ ಕೊಟ್ಟು ನೋಡಿದ್ದಾಯಿತು. ಈಗ ಕೊಡುವುದಿಲ್ಲ. ಅದೇ ವುಡ್‌ಹೌಸ್, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಗೆಳತಿಗೆ ಆ ಇಡೀ ಕಾಲ ಓದಲು ಆದ ಒಬ್ಬರೇ ಲೇಖಕರು. ಮೊದಲು ಅವಳು ಕೊಲೆ, ರಕ್ತ ಇರುವ ಪುಸ್ತಕಗಳನ್ನೇ ಓದುತ್ತಿದ್ದವಳು. ಆಗ ಒಂದು ಪುಟವೂ ಆಗುತ್ತಿರಲಿಲ್ಲ. ಪೆಟ್ಟು ಬಿದ್ದ ಮನಸ್ಸಿಗೆ ಏನು ಬೇಕು ಅಂತ ಹೊರಗಿನವರು ಹೇಳಲಾರರು. ಆದ್ದರಿಂದ ನನ್ನ ಟಿಪ್ಪಣಿಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಅಳಿಸಿ ಬರೆಯಬೇಕಾಗುತ್ತದೆ.

ಇತ್ತೀಚಿನ ಒಂದು ಸಂಗತಿ ಹೇಳಬೇಕು. ನಮ್ಮ ಬಳಗದ ಅತಿ ಹಿರಿಯರು ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಓದಿಯೇ ಓದುವ ಹುಚ್ಚು ಹತ್ತಿಸಿಕೊಂಡವರು. ಅವರ ಮೊಮ್ಮಗನಿಗೆ ಕೆ.ಎನ್. ಗಣೇಶಯ್ಯ ಅಂದರೆ ಇಷ್ಟ. ಗಣೇಶಯ್ಯನವರು ಕೃಷಿ ವಿಜ್ಞಾನಿ. ಇತಿಹಾಸದ ಗುಟ್ಟುಗಳನ್ನು ಹಿಡಿದು ಥ್ರಿಲ್ಲರ್ ಬರೆಯುತ್ತಾರೆ, ಕಥೆಯ ಜೊತೆಗೇ ಆಧಾರಗಳನ್ನೂ ಕೊಡುತ್ತಾರೆ. ಮೊಮ್ಮಗ ಒತ್ತಾಯ ಮಾಡಿ ತಾತನಿಗೆ 'ಕರಿಸಿರಿಯಾನ' ಕೊಟ್ಟ. ತಾತ ಸ್ವಲ್ಪ ಓದಿ ವಾಪಸ್ ಕೊಟ್ಟರು. ಈಗಿನವರದ್ದು ನಮಗೆ ಆಗುವುದಿಲ್ಲ ಅಂದರು. ಹುಡುಗನಿಗೆ ಬೇಸರವಾಯಿತು. ತಲೆಮಾರಿನ ಅಂತರ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟರು.

ನಾನು ಎಂದಿನಂತೆ ಎಲ್ಲಿ ಕೆಳಗಿಟ್ಟಿರಿ ಅಂತ ಕೇಳಿದೆ. ಅವರು ಪುಟ ತೋರಿಸಿದರು. ಸಣ್ಣ ಅಕ್ಷರದಲ್ಲಿ ಅಚ್ಚಾದ ಭಾಗ ಅದು. ಅಲ್ಲಿ ಕಣ್ಣು ಸೋತಿತ್ತು. ತಲೆಮಾರಿನ ಮಾತೇ ಇರಲಿಲ್ಲ. ಈಗ ಮೊಮ್ಮಗ ಓದುತ್ತಾನೆ, ತಾತ ಕೇಳುತ್ತಾರೆ. ಆಧಾರಗಳನ್ನೂ ಬಿಡದೆ ಓದಬೇಕು ಅಂತ ತಾತನದೇ ಕಟ್ಟಪ್ಪಣೆ. ಆದರೆ ಇಷ್ಟೊಂದು ಕಾಗದಪತ್ರ ನೋಡದೆಯೇ ಪುರುಷೋತ್ತಮ ಇದನ್ನು ಬಿಡಿಸುತ್ತಿದ್ದ ಅನ್ನುವುದು ಅವರ ವಾದ. ಹುಡುಗ ಒಪ್ಪುವುದಿಲ್ಲ. ಒಂದು ಪುರುಷೋತ್ತಮ ಓದಿ ಬಂದು ಆಮೇಲೆ ಮಾತಾಡು ಅಂತ ತಾತ ಹೇಳಿದ್ದಾರೆ. ಐನೂರಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಮೊದಲು ಯಾವುದನ್ನು ಕೊಡುವುದು ಅಂತ ತಾತನೂ ನಾನೂ ಕೂತು ಆರಿಸುತ್ತಿದ್ದೇವೆ.